ಮೇಸ್ತ್ರಿ ಮಲಗಿದ್ದ ಕೋಣೆ

ಪಿಚಕಾರಿ ಅಕ್ಕನ ವ್ಯಾನು ಬೀದಿಗೆ ಬಂತೆಂದರೆ ಸಾಕು, ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಳ್ಳುತ್ತವೆ. ರೋಗಿ ಮಲಗಿದ್ದ, ಹೆಣ ಎತ್ತಿದ ಕೋಣೆಗಳನ್ನು ಉಜ್ಜಿ, ಪಿಚಕಾರಿಯಲ್ಲಿ ಔಷಧಿ ಹೊಡೆದು, ಮತ್ತೆ ಮನುಷ್ಯರು ಮಲಗುವಂತೆ ಮಾಡಿಕೊಡುವುದು ಅವಳ ಕಸುಬು. ಮುಚ್ಚಿಕೊಳ್ಳಲಿ ಬಿಡಿ, ನಾಳೆ ಇವರೇ ಬಾಗಿಲು ತೆಗೆದು ಕರೀತಾರೆ ಎಂದು ನಗುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಆವತ್ತು ಮಾತ್ರ ಆ ಬಾಯಿಗೆ ಬೀಗ ಬಿದ್ದಿತ್ತು. ತೀರಿಕೊಂಡವರು ಅವಳಿಗೆ ಈ ಕೆಲಸ ಕಲಿಸಿದ ಮೇಸ್ತ್ರಿ. ಎದೆಯ ಕಾಯಿಲೆ, ಅದೂ ಅಂಟುವಂಥದ್ದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಮರುದಿನ ಮೇಸ್ತ್ರಿಯ ಮಗಳು ಎಳೆಗೂಸನ್ನು ಎತ್ತಿಕೊಂಡು ತಾಯಿಯ ಜೊತೆ ಇರಲು ಬರುವವಳಿದ್ದಳು. ಇದ್ದದ್ದು ಅದೊಂದೇ ಕೋಣೆ, ಉಜ್ಜದೆ ವಿಧಿಯಿಲ್ಲ.

ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. ಗೋಡೆ ಉಜ್ಜು, ಮಂಚ ಉಜ್ಜು, ಬೇಡ ಅನ್ನಲ್ಲ, ಗೂಟಕ್ಕೆ ಹಾಕಿರೋ ಅಂಗಿಯೊಂದನ್ನ ಮುಟ್ಟಬೇಡ ಎಂದರು.

"ಅವರ ವಾಸನೆ ಉಳಿದಿರೋದು ಅದೊಂದರಲ್ಲೇ ಕಣೇ."

ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿತುಪ್ಪ. ಕೊನೆಗೆ ಅಕ್ಕ ಒಪ್ಪಿದಳು: ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಕಟ್ಟಿಕೊಡುತ್ತೇನೆ, ಮಗು ಮನೆಯಲ್ಲಿರುವಷ್ಟು ದಿನ ಬಿಚ್ಚಕೂಡದು.

ಗ್ಲೌಸು ಏರಿಸಿದಳು, ಮಾಸ್ಕು ಕಟ್ಟಿದಳು, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕದಡಿದಳು. ನೇತಾಡೋ ಬಟ್ಟೆ ಮೊದಲು, ಆಮೇಲೆ ಗೋಡೆ, ಕೊನೆಗೆ ನೆಲ ಎಂದು ಬೈದು ಬೈದು ಕಲಿಸಿದವರು ಮೇಸ್ತ್ರಿಯೇ. ತಲೆ ಏನೋ ಯೋಚಿಸುತ್ತಿತ್ತು, ಕೈ ತನ್ನ ಪಾಡಿಗೆ ಗೂಟದತ್ತ ಹೋಯಿತು. ಅಂಗಿ ಬಕೆಟ್ಟಿನಲ್ಲಿ ಮುಳುಗಿದ ಮೇಲೆಯೇ ಅವಳಿಗೆ ಎಚ್ಚರ. ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಬೀಳ ಎಂದು ಅಲ್ಲೇ ಕುಸಿದು ಕೂತಳು. ಹೆತ್ತ ತಾಯಿ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಅಂಗಿಯನ್ನು ಹಿಂಡಿ, ಬಿಸಿಲಲ್ಲಿ ಒಣಗಿಸಿ, ತಲೆ ಎತ್ತದೆ ಮೇಸ್ತ್ರಿಯ ಹೆಂಡತಿಯ ಕೈಗಿಟ್ಟಳು. ತಪ್ಪಾಯ್ತು ಅತ್ತಿಗೆ ಎಂದಳು. ಅವರು ಅಂಗಿಯನ್ನು ಮೂಗಿಗೆ ಒತ್ತಿಕೊಂಡರು. ಒತ್ತಿಕೊಂಡೇ ಇದ್ದರು.

"ಹಾಸಿಗೆ ಹಿಡಿದ ಮೇಲೆ ಬರೀ ಬೆವರು, ಮಾತ್ರೆ ವಾಸನೆ. ಅದೇ ಇವರದ್ದು ಅಂದ್ಕೊಂಡುಬಿಟ್ಟಿದ್ದೆ," ಎಂದರು. "ಗಟ್ಟಿಮುಟ್ಟಾಗಿದ್ದಾಗ ದಿನಾ ಸಂಜೆ ಮನೆಗೆ ಹೀಗೇ ಬರ್ತಿದ್ರು ಕಣೇ. ಬ್ಲೀಚಿಂಗ್ ಪುಡಿ ನಾತ ಹೊಡ್ಕೊಂಡು. ದೂರ ಹೋಗ್ರೀ ಅಂತ ಬೈತಿದ್ದೆ."

ಅಂಗಿಯನ್ನು ಮಡಚುತ್ತಾ, ಈ ವಾಸನೆ ಎಷ್ಟು ದಿನ ಇರುತ್ತೆ ಎಂದು ಕೇಳಿದರು.

"ಹೋದ್ರೆ ಹೇಳಿ ಕಳಿಸಿ ಅತ್ತಿಗೆ," ಎಂದಳು ಪಿಚಕಾರಿ ಅಕ್ಕ. "ಬಕೆಟ್ ತಗೊಂಡು ಬರ್ತೀನಿ."