ನಡುಗಡ್ಡೆಯ ಹೆಪ್ಪು

ನಮ್ಮ ನಡುಗಡ್ಡೆಯ ಹೆಪ್ಪನ್ನು ತಿಂದವಳು ನಾನು. ಅದು ಕೆಡಲಿಲ್ಲ, ಚೆಲ್ಲಲಿಲ್ಲ — ಈ ಕೈಯಿಂದಲೇ, ಬೆರಳು ನೆಕ್ಕಿಕೊಂಡು ತಿಂದೆ. ನೀವು ಈಗ ಮನೆಮನೆಯಲ್ಲಿ ಹಾಲಿಗೆ ಹಾಕುತ್ತಿರುವುದು ಕಲಾದಗಿಯ ಅಂಗಡಿಯ ಪಾಕೀಟು ಮೊಸರಿನ ಸಂತಾನ.

ಊರಿನವರೇ, ಬೈಯುವ ಮೊದಲು ಪೂರ್ತಿ ಓದಿ. ಓದಿದ ಮೇಲೂ ಬೈದರೆ ಅದು ನಿಮ್ಮ ಹಕ್ಕು.

ಹೊಳೆಯ ನಡುವಿನ ನಮ್ಮೂರಿಗೆ ಮೊದಲು ಬಂದದ್ದು ಎರಡೇ ಮನೆತನ — ನನ್ನ ಗಂಡನ ಮನೆಯವರು, ಪಕ್ಕದ ಹುಸೇನಬಿ ಅತ್ತೆಯ ಮನೆಯವರು. ಒಂದೇ ಹರಿಗೋಲಿನಲ್ಲಿ, ಒಂದೇ ಗಡಿಗೆ ಮೊಸರು ಇಟ್ಟುಕೊಂಡು ಬಂದರಂತೆ. ಅದನ್ನೇ ಹೆಪ್ಪು ಹಾಕಿ ಹಂಚಿಕೊಂಡರು. ಆಮೇಲೆ ದಡದ ಹೆಪ್ಪು ಊರಿಗೆ ಬರಲೇ ಇಲ್ಲ. ಒಬ್ಬರದು ಕೆಟ್ಟರೆ ಪಕ್ಕದವರು ಕೊಡುತ್ತಿದ್ದರು. ಗಂಡನ ಮನೆಗೆ ಹೊರಟ ಹುಡುಗಿಗೆ ಒಂದು ಕುಡಿಕೆ ಕಟ್ಟಿ ಕೊಡುತ್ತಿದ್ದರು. ಗುಡಿ, ದರ್ಗಾ ಬೇರೆ ಬೇರೆ, ಹೆಪ್ಪು ಮಾತ್ರ ಒಂದೇ.

ಆ ವರ್ಷ ಹೊಳೆ ಮನೆಯೊಳಗೇ ಬಂತು. ಸರಕಾರದ ಬೋಟಿನಲ್ಲಿ ಗಂಟುಮೂಟೆಗೆ ಜಾಗವಿರಲಿಲ್ಲ; ಉಳಿದ ಮನೆಗಳ ಗಡಿಗೆಗಳೆಲ್ಲ ಹೊಳೆಯ ಪಾಲಾದವು. ಹುಸೇನಬಿ ಅತ್ತೆ ಕಾಯಿಲೆಯ ಗಂಡನನ್ನು ಹಿಡಿದುಕೊಳ್ಳಬೇಕಿತ್ತು. ತಮ್ಮ ಗಡಿಗೆಯನ್ನು ನನ್ನ ಮಡಿಲಿಗಿಟ್ಟರು.

"ಇನ್ನ ಎಲ್ಲಾರ ಹೆಪ್ಪೂ ಇದ ನೋಡವಾ. ಜ್ವಾಕಿ."

ದಡದ ಶಾಲೆಯಲ್ಲಿ ನಮ್ಮನ್ನು ಇಳಿಸಿದರು. ದಿನವೂ ಅನ್ನ, ನೀರಿನಂಥ ಸಾರು. ನಾನು ಬಸುರಿ. ಒಂದು ಮಧ್ಯಾಹ್ನ ಯಾರೋ ಪುಣ್ಯಾತ್ಮರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಹಂಚಿದರು. ರೊಟ್ಟಿ ಕಂಡದ್ದೇ ತಡ — ಒಂದು ಬೆರಳು ಮೊಸರು, ಒಂದೇ ಬೆರಳು ಎಂದುಕೊಂಡೆ. ಆಮೇಲೆ... ಗಡಿಗೆಯ ತಳ ಕಂಡಿತು. ಬಯಕೆ ಎಂದರೆ ನೀವು ಒಪ್ಪಿಬಿಡುತ್ತೀರಿ. ಅದಕ್ಕೇ ಹಾಗೆ ಹೇಳುವುದಿಲ್ಲ. ಗಾಬರಿಯಲ್ಲಿ ಗಡಿಗೆಯನ್ನೂ ತೊಳೆದೆ. ತೊಳೆಯದಿದ್ದರೆ ಅಂಟಿದ್ದರಿಂದಲೇ ಹೆಪ್ಪು ಬದುಕುತ್ತಿತ್ತೇನೋ — ಅಷ್ಟು ಬುದ್ಧಿಯೂ ಬರಲಿಲ್ಲ. ಸಂಜೆ ಅಂಗಡಿಗೆ ಹೋಗಿ ಪಾಕೀಟು ತಂದು ಗಡಿಗೆ ತುಂಬಿದೆ.

ದಡದ ಮೇಲೆ ಹೊಸ ಮನೆಗಳಾದವು. ನಾನೇ ಎಲ್ಲರಿಗೂ ಹೆಪ್ಪು ಹಂಚಿದೆ. ಹುಸೇನಬಿ ಅತ್ತೆ ಮೊದಲ ತುತ್ತಿಗೇ ಅತ್ತರು. "ಊರು ಮುಳುಗಿದ್ರೂ ರುಚಿ ಉಳೀತಲ್ಲ!"

ಅಂದಿನಿಂದ ನಾನು ಮೊಸರು ಮುಟ್ಟಿಲ್ಲ. ಮುಟ್ಟಿದರೆ ನನಗೆ ನೆಗಡಿಯಾಗುತ್ತದೆ ಎಂದೇ ಮನೆಯವರು ತಿಳಿದಿದ್ದಾರೆ.

ಹೋದ ತಿಂಗಳು ಅತ್ತೆಯ ಮೊಮ್ಮಗಳು ಮದುವೆಯಾಗಿ ಇಳಕಲ್ಲಿಗೆ ಹೊರಟಳು. ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟುತ್ತ ಅತ್ತೆ ಅವಳಿಗೆ ಹರಿಗೋಲಿನ ಕತೆ ಹೇಳುತ್ತಿದ್ದರು. ಕೊನೆಗೆ ನನ್ನತ್ತ ಕೈ ತೋರಿಸಿದರು: "ಈಕಿ ಮಡಲಾಗ ಇಟ್ಕೊಂಡು ಉಳಿಸ್ಯಾಳ ನೋಡು."

ಇನ್ನು ತಡೆಯಲಾಗಲಿಲ್ಲ. ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದು ಎಲ್ಲ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಕುಡಿಕೆಯತ್ತ ನೋಡಿದರು. "ಹಂಗಾದ್ರ ಅವತ್ತು ನಾ ಅತ್ತಿದ್ದು ಅಂಗಡಿ ಮೊಸರಿಗೇನ?"

ಹೂಂ ಅಂದೆ.

ಅತ್ತೆ ಕುಡಿಕೆಯನ್ನು ನನ್ನ ಕೈಗಿಟ್ಟರು. "ನೀನ ಕೊಡು. ಖರೇ ಹೇಳಿ ಕೊಡು."

ಬೀಗರ ಮುಂದೆ, ತುಂಬಿದ ಅಂಗಳದಲ್ಲಿ ಹೇಳಿದೆ. ಹೇಳಿ ಮುಗಿಸಿದಾಗ ಎದೆ ಎಷ್ಟು ಹಗುರಾಯಿತೆಂದರೆ, ನಿಂತಲ್ಲೇ ಅತ್ತುಬಿಟ್ಟೆ. ಮದುಮಗಳು ಮೆಹಂದಿಯ ಕೈ ಬಾಯಿಗಿಟ್ಟುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಅಂದು ಅಲ್ಲಿರದವರಿಗಾಗಿ ಈಗ ಇಲ್ಲಿ ಬರೆಯುತ್ತಿದ್ದೇನೆ.

ಅಂದೇ ಊಟಕ್ಕೆ ಕುಳಿತಾಗ ಹುಸೇನಬಿ ಅತ್ತೆ ಮೊಸರಿನ ಗಡಿಗೆಯನ್ನೇ ತಂದು ನನ್ನ ಮುಂದಿಟ್ಟರು.

"ಉಣ್ಣು. ಈ ಸಲ ತಳದಾಗ ಒಂಚೂರು ಉಳಸು."

ಉಂಡೆ. ಉಳಿಸಿದೆ.