ಟಕ್ ಎನ್ನುವ ಸದ್ದು

ನನ್ನ ಹೆಂಡತಿಯ ಅಣ್ಣನನ್ನು ದೋಣಿಕಟ್ಟೆಯಲ್ಲಿ ಎಲ್ಲರೂ ಕರೆಯುವುದು ಕಿವಿಮೇಸ್ತ್ರಿ ಅಂತ. ಮೀಟರು, ಟೆಸ್ಟರು ಯಾವುದೂ ಅವನಿಗೆ ಆಗಿಬರುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಸುತ್ತ ಯಾರೂ ಕೆಮ್ಮುವ ಹಾಗೂ ಇಲ್ಲ. ಬೇರಿಂಗ್ ಸವೆದಿದೆ ಎಂದು ಅವನು ಹೇಳಿದರೆ, ಬಿಚ್ಚಿ ನೋಡಿದಾಗ ಸವೆದೇ ಇರುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆದಿದೆ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಇಬ್ಬರೂ ಓರಗೆಯವರು, ಹೋಗೋ ಬಾರೋ ಎನ್ನುವ ಸಲಿಗೆ. ಕರೆದರೆ ತಿರುಗಿಯೂ ನೋಡದ ಅವನ ಜಂಬವನ್ನು ಆಡಿಕೊಂಡು ನಗದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ನಾನು ಹೊಳೆ ದಾಟಿಸುವ ದೋಣಿಯ ಚಾಲಕ. ಆಚೆ ದಡದಲ್ಲಿ ಆಸ್ಪತ್ರೆ. ಅತ್ತೆ, ಅಂದರೆ ಮೇಸ್ತ್ರಿಯ ತಾಯಿ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ನನ್ನ ದೋಣಿಯಲ್ಲೇ ಹೋಗುತ್ತಾರೆ. ಸೇತುವೆ ಮೇಲೆ ಬಸ್ಸೂ ಓಡಾಡುತ್ತದೆ. ಬಸ್ಸಲ್ಲಿ ಹೋಗಮ್ಮ ಎಂದು ಮಗಳು, ಅಂದರೆ ನನ್ನ ಹೆಂಡತಿ, ಎಷ್ಟು ಗೋಗರೆದರೂ ಅವರದು ಒಂದೇ ಹಟ: "ನನ್ನ ಮಗ ರಿಪೇರಿ ಮಾಡಿದ ದೋಣಿ ಇರುವಾಗ ಬಸ್ಸು ಯಾಕೆ?"

ಮಗಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಎರಡು ತಿಂಗಳಿಂದ ದೋಣಿ ಕೈಕೊಡುತ್ತಿತ್ತು. ಹತ್ತು ಸಲ ಕೀ ತಿರುಗಿಸಿದರೆ ಎಂಟು ಸಲ ಇಂಜಿನ್ ಗರ್ರನೆ ಏಳುತ್ತದೆ, ಇನ್ನೆರಡು ಸಲ ಸತ್ತು ಮಲಗಿರುತ್ತದೆ. ಒಂದೇ ಸಮನೆ ಕೆಟ್ಟಿದ್ದರೆ ರಿಪೇರಿ ಸುಲಭ. ಇದು ಮನಸ್ಸು ಬಂದಾಗ ಕೆಡುವ ಇಂಜಿನ್ನು. ಭಾವನ ಲೆಕ್ಕಾಚಾರ ಮಾತ್ರ ಖಚಿತ. "ನೋಡು ಭಾವ, ಕೀ ತಿರುಗಿಸಿದಾಗ ಸ್ಟಾರ್ಟರ್ ಟಕ್ ಅಂದೂ ಇಂಜಿನ್ ತಿರುಗದಿದ್ರೆ ಬ್ಯಾಟರಿಯ ದಪ್ಪ ಕೇಬಲ್ಲಲ್ಲಿ ತೊಂದರೆ. ಟಕ್ ಅನ್ನದೇ ಇದ್ರೆ ಕೀಯಿಂದ ಕರೆಂಟೇ ಬಂದಿಲ್ಲ." ನಾನು ಮುಂದೆ ಕೂತು ಕೀ ತಿರುಗಿಸುತ್ತಿದ್ದೆ. ಅವನು ಹಿಂದಿನ ಗುಂಡಿಯಲ್ಲಿ ಇಂಜಿನ್ ಪಕ್ಕ ಮಲಗಿ ಕೇಳುತ್ತಿದ್ದ. ಕೀ ಹಾಕಿದೊಡನೆ ನನ್ನ ಮುಂದಿನ ಬಜರ್ ಪೀಂಗುಟ್ಟುವುದರಿಂದ ಆ ಟಕ್ ನನಗೆ ಕೇಳುವುದಿಲ್ಲ. ಪ್ರತಿ ಸಲ ಅವನು ತೋರುಬೆರಳು ಆಡಿಸಿ "ಇಲ್ಲ" ಎನ್ನುತ್ತಿದ್ದ. ಹಾಗಾಗಿ ಕೀ ಸ್ವಿಚ್ಚು ಎರಡು ಸಲ ಬದಲಾಯಿತು. ಕೀಯಿಂದ ಸ್ಟಾರ್ಟರಿಗೆ ಹೋಗುವ ವೈರೂ ಬದಲಾಯಿತು. ಪ್ರತಿ ರಿಪೇರಿಯ ನಂತರ ನಾಲ್ಕು ದಿನ ಎಲ್ಲ ಸರಿ, ಐದನೆಯ ದಿನ ಮತ್ತೆ ಅದೇ ರಾಗ ಅದೇ ಹಾಡು.

ಹೋದ ಮಂಗಳವಾರ ನಡುಹೊಳೆಯಲ್ಲಿ, ದೋಣಿಯನ್ನು ತಳ್ಳುವ ನೀರೊಳಗಿನ ಫ್ಯಾನಿಗೆ ಕಳೆ ಸುತ್ತಿಕೊಂಡಿತು. ಇಂಜಿನ್ ಆರಿಸಿ, ಕಳೆ ಕಿತ್ತು, ಕೀ ತಿರುಗಿಸಿದೆ. ಬಜರ್ ಬಿಟ್ಟರೆ ಮತ್ತೇನೂ ಇಲ್ಲ. ಮತ್ತೆ ತಿರುಗಿಸಿದೆ. ಸೆಳೆತ ದೋಣಿಯನ್ನು ಅಡ್ಡಡ್ಡ ಮಾಡಿ ಸೇತುವೆಯ ಕಂಬದ ಕಡೆಗೆ ಎಳೆಯಿತು. ಅತ್ತೆಯಲ್ಲದೆ ಹನ್ನೊಂದು ಜನ. ಒಬ್ಬಳು ಮಗುವನ್ನು ಎದೆಗವಚಿಕೊಂಡು ಕಿರುಚಿದಳು. ನಾನು ಗಳ ಹಿಡಿದು ಕಂಬಕ್ಕೆ ಒತ್ತಿದೆ, ಗಳ ಲಟಕ್ಕನೆ ಮುರಿಯಿತು. ಮೀನಿನ ದೋಣಿಯವರು ಹಗ್ಗ ಎಸೆಯದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ದಡ ಮುಟ್ಟಿದೊಡನೆ ಎಲ್ಲರೂ ದುಡುದುಡು ಇಳಿದರು. ಅತ್ತೆ ಮಾತ್ರ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು.

ಮರುದಿನ ಭಾವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಲೆತಗ್ಗಿಸಿ ಗುಂಡಿಗೆ ಇಳಿದ. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಟಾರ್ಚ್ ಹಿಡಿದು ಅವನ ಬೆನ್ನ ಹಿಂದೆ ಇಳಿದಳು. ಕೀ ತಿರುಗಿಸಿದೆ. ಇಂಜಿನ್ ಏಳಲಿಲ್ಲ. ಅವನ ಬೆರಳು ಮೇಲೆ ಬಂದು ಆಡಿತು.

"ಅಣ್ಣ, ಟಕ್ ಅಂತು ನೋಡು!" ಎಂದಳು ಅವಳು.

ಅವನು ತಿರುಗಲಿಲ್ಲ. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದ. ತಿರುಗಿಸಿದೆ. ಮತ್ತೆ ಬೆರಳು.

"ಅಣ್ಣ! ಈಗಲೂ ಟಕ್ ಅಂತು! ಅಣ್ಣಾ!"

ಒಂದು ಮೊಳ ದೂರದಲ್ಲಿ ಅವಳು ಕೂಗುತ್ತಿದ್ದಾಳೆ, ಅವನು ಕಣ್ಣು ಮುಚ್ಚಿ ಸ್ಕ್ರೂಡ್ರೈವರಿಗೆ ಕಿವಿಕೊಟ್ಟಿದ್ದಾನೆ. ಅವಳು ಮುಖವೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನೂ ಇಳಿದು ಅವನ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ನಿನಗೆ ಕಿವಿ ಕೇಳಲ್ವೇನೋ?"

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದ, "ಎಡದ್ದು ಹೋಗಿ ಮೂರು ವರ್ಷ ಆಯ್ತು. ಬಲದ್ದು ಈ ವರ್ಷ. ಇಂಜಿನ್ ಸದ್ದಲ್ಲೇ ಬದುಕಿದೆನಲ್ಲ ಭಾವ."

"ಮತ್ತೆ ಇಷ್ಟು ದಿನ ಏನು ಕೇಳಿಸಿಕೊಳ್ತಿದ್ದೆ?"

"ಕೈಗೆ ಅದುರು ತಾಗುತ್ತೆ. ಪಕ್ಕದಲ್ಲಿ ಬೇರೆ ದೋಣಿ ಓಡ್ತಿದ್ರೆ ತಾಗಿದ್ದು ಯಾವುದು ಅಂತ ಗೊತ್ತಾಗಲ್ಲ. ಆಗ ಅಂದಾಜು."

ಅಂದಾಜು! ಹನ್ನೆರಡು ಜೀವ ಇವನ ಅಂದಾಜಿನ ಮೇಲೆ ತೇಲಿ ಹೋಗುತ್ತಿದ್ದವು. ಹೊಡೆಯಲು ಕೈ ಎತ್ತಿದೆ. ಹೆಂಡತಿ ಹಿಡಿದುಕೊಂಡಳು.

ಕೆಲಸ ಮುಗಿಯಲು ಅರ್ಧ ಗಂಟೆ ಸಾಕಾಯಿತು. ಬ್ಯಾಟರಿಯ ದಪ್ಪ ಅರ್ತ್ ಕೇಬಲ್ ಇಂಜಿನ್ನಿಗೆ ಸೇರುವಲ್ಲಿ ಸುತ್ತಿದ್ದ ಟೇಪ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ನಾಲ್ಕು ಎಳೆ ತಂತಿ ಮಾತ್ರ ಉಳಿದಿದ್ದವು. ಅವನು ಪಕ್ಕದಲ್ಲಿ ಏನೇ ರಿಪೇರಿ ಮಾಡಿದರೂ ಕೇಬಲ್ ಅಲುಗಾಡಿ ಆ ಎಳೆಗಳು ನಾಲ್ಕು ದಿನಕ್ಕೆ ಕಚ್ಚಿಕೊಳ್ಳುತ್ತಿದ್ದವು. ಅವನೇ ಕತ್ತರಿಸಿ, ಉಜ್ಜಿ, ಹೊಸ ತುದಿ ಹಾಕಿದ. ಮೂವತ್ತು ಸಲ ಕೀ ತಿರುಗಿಸಿದೆ, ಮೂವತ್ತು ಸಲವೂ ಇಂಜಿನ್ ಎದ್ದಿತು. ನನಗೆ ಸಂತೋಷವೇ ಆಗಲಿಲ್ಲ.

ಸಂಜೆ ಅತ್ತೆಯ ಮನೆಗೆ ಹೋದೆವು. ಅವರು ಮಂಚದ ಮೇಲೆ ಕೂತು ವಾರದ ಮಾತ್ರೆಗಳನ್ನು ಬೇರೆ ಮಾಡುತ್ತಿದ್ದರು. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ಹೆಂಡತಿ ಒಂದೇ ಉಸಿರಿಗೆ ಹೇಳಿಬಿಟ್ಟಳು, "ಅಮ್ಮ, ಅಣ್ಣನಿಗೆ ಕಿವಿ ಪೂರ್ತಿ ಹೋಗಿದೆ."

"ಗೊತ್ತು," ಎಂದರು ಅತ್ತೆ. "ಬೆನ್ನ ಹಿಂದಿನಿಂದ ಕರೆದ್ರೆ ತಿರುಗಲ್ಲ. ಹೆತ್ತವಳಿಗೆ ತಿಳಿಯಲ್ವೇನೇ?"

ನಾನು ಅವರ ಎದುರಿಗೆ ಹೋಗಿ ನಿಂತೆ. "ಗೊತ್ತಿದ್ದೂ ಸುಮ್ಮನಿದ್ರಾ ಅತ್ತೆ?"

"ಹೇಳಿದ್ರೆ ಅವನ ಕೈಗೆ ಯಾರು ದೋಣಿ ಕೊಡ್ತಿದ್ರು? ಅವನಿಗೆ ಬೇರೆ ಏನು ಬರುತ್ತೆ?"

"ದೋಣಿಯಲ್ಲಿ ಇನ್ನೂ ಹನ್ನೊಂದು ಜನ ಇದ್ದರು! ಒಂದು ಹಸುಗೂಸಿತ್ತು! ಕಂಬಕ್ಕೆ ಬಡಿದಿದ್ರೆ?"

ಅತ್ತೆ ಕೈಯಲ್ಲಿದ್ದ ಮಾತ್ರೆಯನ್ನು ಕೆಳಗಿಟ್ಟರು.

"ಅದಕ್ಕೇ ಅಲ್ವಾ ಅಳಿಯಂದಿರೇ," ಎಂದರು, "ನಾನು ಬಸ್ಸಲ್ಲಿ ಹೋಗದೆ ಅವರ ಜೊತೇಲೇ ಕೂರ್ತಿದ್ದಿದ್ದು."