ಗಾಳಿ ಕುಡಿದ ಎಂಜಿನ್

ಕುಮಾರಸ್ವಾಮಿ ಲೇಔಟಿನ ಆ ಗ್ಯಾರೇಜಿನಲ್ಲಿ ಅವತ್ತು ಮಧ್ಯಾಹ್ನ ಇದ್ದವರು ಮೂವರೇ: ದೊಡ್ಡಪ್ಪ, ಮೇಸ್ತ್ರಿ, ನಾನು. ಅಮಾವಾಸ್ಯೆಯೆಂದು ಅಕ್ಕಪಕ್ಕದ ಅಂಗಡಿಯವರೆಲ್ಲ ಪೂಜೆ ಮುಗಿಸಿ ಶಟರ್ ಎಳೆದುಕೊಂಡು ಹೋಗಿದ್ದರು. ಯಾವಾಗಲೂ ಹಾರನ್ನಿನಲ್ಲಿ ಮುಳುಗಿರುವ ಆ ರಸ್ತೆ ಅಷ್ಟು ಸುಮ್ಮನಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ದೊಡ್ಡಪ್ಪನ ಹಳೆಯ ಪೆಟ್ರೋಲ್ ಕಾರಿನ ಎಂಜಿನ್ನನ್ನು ಪೂರಾ ಬಿಚ್ಚಿ ಮತ್ತೆ ಕಟ್ಟಿಯಾಗಿತ್ತು. "ಇದೇ ಕೊನೆ ಸಲ ಯಜಮಾನ್ರೇ. ಎಣ್ಣೆ ಇಲ್ದೆ ಒಂದು ನಿಮಿಷ ತಿರುಗಿದ್ರೂ ಬೇರಿಂಗ್ ಹೋಯ್ತು. ಆಮೇಲೆ ಗುಜರಿನೇ," ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದ. ಹಾಗಾಗಿ ಸ್ಟಾರ್ಟ್ ಮಾಡುವ ಮುನ್ನ ಒಳಗೆಲ್ಲ ಎಣ್ಣೆ ಹರಿಸಬೇಕಿತ್ತು. ಅಮಾವಾಸ್ಯೆಯ ದಿನ ಎಂಜಿನ್ ಕೂಗಿಸಬಾರದೆಂದು ದೊಡ್ಡಮ್ಮನ ಕಟ್ಟಪ್ಪಣೆ. ಎಣ್ಣೆ ಹರಿಸುವುದು ಸ್ಟಾರ್ಟ್ ಮಾಡಿದಂತೆ ಅಲ್ಲವಲ್ಲ ಎಂದು ಸಂದು ಹುಡುಕಿಕೊಂಡೇ ದೊಡ್ಡಪ್ಪ ಬಂದಿದ್ದರು.

ಮೇಸ್ತ್ರಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು, ಆ ತೂತಿನೊಳಗೆ ಉದ್ದನೆಯ ಸಲಾಕೆ ಇಳಿಸಿ, ಮೇಲಿನ ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿದ. ಹೀಗೆ ತಿರುಗಿಸಿದರೆ ಎಂಜಿನ್ ಅಲುಗುವುದಿಲ್ಲ, ಅಡಿಯಲ್ಲಿರುವ ಎಣ್ಣೆ ಪಂಪು ಮಾತ್ರ ತಿರುಗುತ್ತದೆ. ಮೇಲಿನ ಮುಚ್ಚಳವನ್ನೂ ತೆಗೆದಿಟ್ಟಿದ್ದ. ಅಲ್ಲಿ ವಾಲ್ವುಗಳನ್ನು ಒತ್ತುವ ರಾಕರ್‌ಗಳ ಮೇಲೆ ಎಣ್ಣೆ ಉಕ್ಕಿದರೆ ಗೆದ್ದಂತೆ.

ಡ್ರಿಲ್ ಗುಂಯ್‌ಗುಟ್ಟಿತು. ಐದು ನಿಮಿಷವಾದರೂ ಒಂದು ಹನಿ ಮೇಲೆ ಬರಲಿಲ್ಲ. ದೊಡ್ಡಪ್ಪ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಮುಖ ಬಿಳಿಚಿತು. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. ನಿದ್ದೆಯಲ್ಲಿರುವ ಯಾರೋ ಹಲ್ಲುಸಂದಿಯಿಂದ ಉಸಿರು ಎಳೆದುಕೊಳ್ಳುತ್ತಿರುವಂತೆ ಕೇಳಿಸಿತು. ಎಳೆಯುವುದಷ್ಟೇ ನೋಡಿ, ಬಿಡುವ ಸದ್ದೇ ಇಲ್ಲ.

"ಗಾಳಿ ಕುಡೀತಾ ಐತೆ ಕಣಯ್ಯಾ," ಎಂದರು ದೊಡ್ಡಪ್ಪ.

ಮೇಸ್ತ್ರಿ ನಕ್ಕ. "ಗಾಳಿ ಕುಡಿಯೋಕೆ ಅದೇನ್ ಬಲೂನಾ ಯಜಮಾನ್ರೇ? ಇನ್ನೊಂದೈದು ನಿಮಿಷ ತಿರುಗಿಸಿದ್ರೆ ಎಣ್ಣೆ ತಾನಾಗೇ ಏರುತ್ತೆ."

"ಈ ಲೇಔಟ್ ಆಗೋಕ್ ಮುಂಚೆ ಇಲ್ಲೇ ಬಾವಿ ಪಂಪ್‌ಸೆಟ್ ಓಡಿಸ್ದೋನು ನಾನು. ನೀರು ಕುಡಿಸ್ದೆ ಸ್ವಿಚ್ ಹಾಕಿದ್ರೆ ಇದೇ ಸದ್ದು. ಆಮೇಲೆ ಪಂಪೇ ಸುಟ್ಟೋಗೋದು. ಮೊದ್ಲು ಅದರ ಬಾಯಿಗೆ ಎಣ್ಣೆ ಹುಯ್ಯಿ."

"ಹುಯ್ಯೋಣ. ಆಮೇಲೆ ರಾಗಿನೂ ಬಿತ್ತೋಣ ಬಿಡಿ!"

ಗೊಣಗುತ್ತಲೇ ಮೇಸ್ತ್ರಿ ಆಯಿಲ್ ಫಿಲ್ಟರ್ ಬಿಚ್ಚಿದ. ಪಂಪಿನ ಎಣ್ಣೆ ಹೊರಬರುವ ತೂತಿಗೆ ಸಣ್ಣ ಟ್ಯೂಬು ಹಿಡಿದು ಹೊಸ ಎಣ್ಣೆಯನ್ನು ಸುರಿದ. ಗುಟುಕು ಗುಟುಕಾಗಿ ಇಳಿಯಿತು. ಫಿಲ್ಟರ್ ಮತ್ತೆ ಕೂರಿಸಿ ಡ್ರಿಲ್ ಒತ್ತಿದ. ಸ್ವಲ್ಪ ಹೊತ್ತಿಗೆ ಅದರ ಸದ್ದು ಇದ್ದಕ್ಕಿದ್ದಂತೆ ಭಾರವಾಯಿತು. ಯಾರೋ ಒಳಗಿನಿಂದ ಸಲಾಕೆಯನ್ನು ಹಿಡಿದುಕೊಂಡಂತೆ ಮೇಸ್ತ್ರಿಯ ಮಣಿಕಟ್ಟು ತಿರುಚಿತು. ಅವನ ನಗು ನಿಂತಿತು. ಸತ್ತಂತೆ ಬಿದ್ದಿದ್ದ ಕಬ್ಬಿಣದಲ್ಲಿ, ಒಂದೊಂದೇ ರಾಕರಿನ ಅಡಿಯಿಂದ ಎಣ್ಣೆ ತೇವದ ಕಣ್ಣಿನಂತೆ ಮೂಡತೊಡಗಿತು.

ಡ್ರಿಲ್ ನಿಲ್ಲಿಸಿದರೂ ಒಳಗಿನ ಸದ್ದು ನಿಲ್ಲಲಿಲ್ಲ. ಮೆಟ್ಟಿಲಿಳಿಯುವ ಹೆಜ್ಜೆಗಳಂತೆ ಟಪ್, ಟಪ್ ಎಂದು ಅಡಿಯವರೆಗೂ ಇಳಿದುಹೋಯಿತು.

"ಎಣ್ಣೆ ವಾಪಸ್ ಇಳೀತಿದೆ, ಅಷ್ಟೇ," ಎಂದ ಮೇಸ್ತ್ರಿ. ಆದರೆ ಎಂಜಿನ್ನಿನ ಮೇಲಿದ್ದ ಕೈಯನ್ನು ಅವನೂ ಹಿಂದಕ್ಕೆಳೆದುಕೊಂಡಿದ್ದ.

ಮರುದಿನ ಬೆಳಿಗ್ಗೆ ಡಿಸ್ಟ್ರಿಬ್ಯೂಟರ್ ಕೂರಿಸಿಯಾದ ಮೇಲೆ ದೊಡ್ಡಪ್ಪ ಕೀ ತಿರುಗಿಸಿದರು. ಎಂಜಿನ್ ಹಿಡಿಯುವ ಮೊದಲೇ, ಎಣ್ಣೆ ಏರಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಆರಿತು. ಅವರು ಗೇರ್ ಹಾಕಿ ಗಿರಿನಗರದ ಮನೆಗೆ ಹೊರಟರು.